ಚಿಕ್ಕ ಕೋಣೆಗೆ ಬರುತ್ತಿದ್ದ ಕರೆಗಳು

ಮಗ ಶೈಲೇಶನ ಬೊಜ್ಜ ಮುಗಿದ ಮರುದಿನ ಬೆಳಿಗ್ಗೆ ಲಕ್ಷ್ಮೀ ಸೊಸೆಯನ್ನು ಕರೆದು, ಚಿಕ್ಕ ಕೋಣೆಯ ಕಂಪ್ಯೂಟರನ್ನು ಆರಿಸಿಬಿಡು ಎಂದರು. ಉತ್ತರಕ್ರಿಯೆಗೆ ಬಂದ ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಬಾಡಿಗೆಗೆ ತಂದ ಕುರ್ಚಿಗಳನ್ನು ಅಂಗಳದಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಜನರ ಸದ್ದಡಗಿದ ಮೇಲೆ ಆ ಕಂಪ್ಯೂಟರಿನ ಫ್ಯಾನು ತಿರುಗುವ ಸಣ್ಣ ಸದ್ದು ಅಡುಗೆಮನೆಯವರೆಗೂ ಕೇಳತೊಡಗಿತ್ತು.

"ಇಷ್ಟು ದಿನ ಆಯ್ತು, ಅದು ಹಾಗೇ ಓಡ್ತಾ ಉಂಟು. ಬಾಗಿಲು ಹಾಕಿದ್ರೂ ಅಡಿಯಿಂದ ಬೆಳಕು ಮಿಣಮಿಣ ಅಂತದೆ," ಎಂದರು ಲಕ್ಷ್ಮೀ. "ಅವನು ಒಳಗೆ ಕೂತು ಕೆಲಸ ಮಾಡ್ತಿದ್ದಾನೆ ಅಂತಲೇ ಕಾಣ್ತದೆ ದೀಕ್ಷಿ. ನನಗೆ ತಡ್ಕೊಳ್ಳಿಕ್ಕೆ ಆಗುದಿಲ್ಲ."

ದೀಕ್ಷಿತಾ ಒಳಗೆ ಹೋದಳು. ಮೇಜಿನ ಕೆಳಗಿದ್ದ ಕಪ್ಪು ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಕೂತು ಗುಂಡಿಯನ್ನು ಒತ್ತಿ ಹಿಡಿದಳು. ಹಸಿರು ದೀಪ ಆರಿತು. ಆಗ ಒಂಬತ್ತು ಗಂಟೆ ಹೊಡೆದಿತ್ತಷ್ಟೆ.

ಹತ್ತೂವರೆಗೆ ಶೈಲೇಶನ ಫೋನು ಹೊಡೆದುಕೊಂಡಿತು. ಅದನ್ನು ಚಾರ್ಜಿಗೆ ಹಾಕಿ ಇಟ್ಟಿದ್ದವಳು ಅವಳೇ. ಯಾಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

"ಶೈಲೇಶಣ್ಣಾ, ನಾನು ಬ್ಲಡ್ ಬ್ಯಾಂಕಿಂದ ನಾಝಿಮಾ. ನಿಮ್ಮ ಸಿಸ್ಟಮ್ ಬಂದ್ ಆಗಿದ್ಯಾ? ನಮ್ಮ ಸ್ಟಾಕು ಯಾವ ಆಸ್ಪತ್ರೆಗೂ ಕಾಣ್ತಾ ಇಲ್ಲ. ಎಲ್ಲರೂ ಫೋನ್ ಮಾಡಿ ಕೇಳ್ತಿದ್ದಾರೆ."

"ನಾನು ಅವರ ಹೆಂಡತಿ," ಎಂದಳು ದೀಕ್ಷಿತಾ. "ಅವರು ಹೋಗಿ ಹದಿಮೂರು ದಿನ ಆಯ್ತು."

ಆ ಕಡೆ ಹಿಂದಿನಿಂದ ಇನ್ನೊಂದು ಫೋನು ಬಡಿದುಕೊಳ್ಳುತ್ತಿತ್ತು. ಆಮೇಲೆ ನಾಝಿಮಾ, ಅಳುತ್ತಿದ್ದಾಳೋ ಏನೋ ಎನ್ನುವ ದನಿಯಲ್ಲಿ, "ಗೊತ್ತೇ ಆಗ್ಲಿಲ್ಲ ಅಕ್ಕಾ. ಇವತ್ತು ಬೆಳಿಗ್ಗೆವರೆಗೂ ಎಲ್ಲ ಸರಿಯಾಗಿ ಬರ್ತಾ ಇತ್ತು. ಅಣ್ಣ ಇದ್ದಾರೆ ಅಂತಲೇ ನಾವು..." ಎಂದಳು. ಮತ್ತೆ ತಡೆದು, "ಹೀಗೆ ಕೇಳ್ಬಾರ್ದು. ಆದ್ರೆ ಅದನ್ನೊಮ್ಮೆ ಆನ್ ಮಾಡ್ಲಿಕ್ಕೆ ಆಗ್ತದಾ? ಇಲ್ಲಿ ಹೆರಿಗೆಯದ್ದೊಂದು ಎಮರ್ಜೆನ್ಸಿ ಉಂಟು. ಓ ನೆಗೆಟಿವ್ ಎಲ್ಲಿ ಉಂಟು ಅಂತ ಒಂದೊಂದೇ ಕಡೆ ಫೋನ್ ಮಾಡಿ ಹುಡುಕ್ತಾ ಇದ್ದೇವೆ," ಎಂದಳು.

ದೀಕ್ಷಿತಾ ಗುಂಡಿ ಒತ್ತಿದಳು. ಫ್ಯಾನು ತಿರುಗಿತು, ಹಸಿರು ದೀಪ ಬಂತು, ಪರದೆಯ ಮೇಲೆ ಅಕ್ಷರಗಳು ಓಡಿದವು. ಎರಡು ನಿಮಿಷ ಫೋನನ್ನು ಕಿವಿಗೊತ್ತಿಕೊಂಡೇ ಕೂತಿದ್ದಳು. "ಬಂತು ಅಕ್ಕಾ, ಬಂತು," ಎಂದಳು ನಾಝಿಮಾ. ಬಾಗಿಲಲ್ಲಿ ನಿಂತಿದ್ದ ಲಕ್ಷ್ಮೀ ಅಡುಗೆಮನೆಗೆ ತಿರುಗಿದರು. ಹೆರಿಗೆಯಾದ ಹೆಂಗಸು ಬದುಕಿಕೊಂಡಳೆಂದು ಸಂಜೆ ನಾಝಿಮಾಳೇ ಫೋನು ಮಾಡಿ ತಿಳಿಸಿದಳು. ಒಂದೂವರೆ ಗಂಟೆ ತಾನು ಆರಿಸಿಟ್ಟದ್ದು ಏನೆಂದು ದೀಕ್ಷಿತಾಳಿಗೆ ಅರಿವಾದದ್ದು ಆಗಲೇ. ರಾತ್ರಿ ಊಟ ಸೇರಲಿಲ್ಲ.

ಶೈಲೇಶ ದೋಣಿಯವರ ಮನೆಯ ಮಗ. ಅಪ್ಪ ಚೆನ್ನಪ್ಪ ಮೂವತ್ತೈದು ವರ್ಷ ಕಡಲಿಗೆ ಹೋದವರು. ಮಗನಿಗೆ ಮಾತ್ರ ದೋಣಿ ಹೊಳೆ ಕಡಲು ಸೇರುವ ಅಳಿವೆ ದಾಟುತ್ತಿದ್ದಂತೆ ವಾಂತಿ. ಹದಿನೇಳನೆಯ ವಯಸ್ಸಿನಲ್ಲಿ ಮೂರು ಸಲ ಹೋಗಿ, ಮೂರು ಸಲವೂ ಬಲೆಯ ರಾಶಿಯ ಮೇಲೆ ಮಲಗಿ ವಾಪಸು ಬಂದ. ಚೆನ್ನಪ್ಪ ಬೈಯಲಿಲ್ಲ. ಕೈಯಲ್ಲಿ ಬೇರೆ ಕಸುಬಿದ್ದರೆ ಅದನ್ನೇ ಹಿಡಿ ಎಂದರು. ಅವನು ಐಟಿಐ ಕಲಿತು ಫಳ್ನೀರಿನ ಅಂಗಡಿಯೊಂದರಲ್ಲಿ ಕಂಪ್ಯೂಟರ್ ರಿಪೇರಿಗೆ ಸೇರಿದ. ಎದುರು ಸಾಲಿನ ಕನ್ನಡಕದ ಅಂಗಡಿಯಲ್ಲಿ ದೀಕ್ಷಿತಾ ಕೆಲಸಕ್ಕಿದ್ದಳು. ಇಬ್ಬರೂ ಮೊಗವೀರ ಜಾತಿಯವರೇ ಆದ್ದರಿಂದ ಮನೆಯವರು ಹೆಚ್ಚು ಯೋಚಿಸದೆ ಮದುವೆ ಮಾಡಿಕೊಟ್ಟರು. ಚೆನ್ನಪ್ಪ ತೀರಿಕೊಂಡ ಮೇಲೆ ಮೂವರೂ ಕುಲಶೇಖರಕ್ಕೆ ಬಂದು, ಒಂದು ಮನೆಯ ಮೇಲ್ಮಹಡಿಯಲ್ಲಿ ನೆಲೆಸಿದರು. ಲಕ್ಷ್ಮೀ ಬೆಳಿಗ್ಗೆ ದೋಣಿಗಳು ಬಂದು ನಿಲ್ಲುವ ಧಕ್ಕೆಗೆ ಹೋಗಿ ಮೀನು ತಂದು ಚರ್ಚಿನ ರಸ್ತೆಯಲ್ಲಿ ಮಾರುತ್ತಿದ್ದರು. ಮಕ್ಕಳಾಗಲಿಲ್ಲ. ಆ ನೋವನ್ನು ಮೂವರೂ ಬಾಯಿಬಿಟ್ಟು ಆಡದೆ ಹೊತ್ತುಕೊಂಡಿದ್ದರು.

ರಿಪೇರಿಗೆಂದು ಬ್ಲಡ್ ಬ್ಯಾಂಕಿಗೆ ಹೋಗುತ್ತಿದ್ದಾಗ ಶೈಲೇಶನ ಕಣ್ಣಿಗೊಂದು ವಿಷಯ ಬಿತ್ತು. ಅಲ್ಲಿಯ ಸ್ಟಾಕು ಹಳೆಯ ವಿಂಡೋಸ್ ಪ್ರೋಗ್ರಾಮಿನಲ್ಲಿತ್ತು. ಆಸ್ಪತ್ರೆಗಳದ್ದು ಬೇರೆ ಬೇರೆಯವರು ಮಾಡಿಕೊಟ್ಟ ವೆಬ್‌ಸೈಟುಗಳು. ಆಂಬ್ಯುಲೆನ್ಸಿನವರದ್ದು ಮೊಬೈಲಿನ ಆಪ್. ಒಂದರ ಭಾಷೆ ಒಂದಕ್ಕೆ ತಿಳಿಯದು. ಹಾಗಾಗಿ ಇಡೀ ದಿನ ಒಬ್ಬಳು ಹುಡುಗಿ ಪರದೆ ನೋಡಿ ಫೋನಿನಲ್ಲಿ ಸ್ಟಾಕು ಓದಿ ಹೇಳುವುದು, ಆ ಕಡೆಯವರು ಅದನ್ನು ಕೇಳಿ ಬರೆದುಕೊಳ್ಳುವುದು, ಅಷ್ಟರಲ್ಲಿ ಆ ರಕ್ತ ಇನ್ನೆಲ್ಲಿಗೋ ಹೋಗಿರುವುದು. ಅವನು ಒಂದು ವರ್ಷ ಕೂತು, ಪುಸ್ತಕ ಓದಿ, ಬಿದ್ದು ಎದ್ದು, ನಡುವೆ ನಿಲ್ಲುವ ಒಂದು ಪ್ರೋಗ್ರಾಮು ಬರೆದ.

ಅದು ಎಂತದ್ದೆಂದು ದೀಕ್ಷಿತಾ ಒಮ್ಮೆ ಕೇಳಿದ್ದಳು. ಅವನು ಊಟದ ತಟ್ಟೆಯ ಮುಂದೆಯೇ ವಿವರಿಸಿದ್ದ.

"ನೀನು ಅಂಗಡಿಯಲ್ಲಿ ಚೀಟಿ ಬರೀತಿ ಅಲ್ವಾ? ಬಲಗಣ್ಣಿಗೆ ಇಷ್ಟು ಪವರ್, ಎಡಗಣ್ಣಿಗೆ ಇಷ್ಟು ಅಂತ. ಚೀಟಿ ಲೆನ್ಸ್ ಲ್ಯಾಬಿಗೆ ಹೋಗ್ತದೆ. ಅಲ್ಲಿ ಯಾರಿದ್ದಾರೆ, ಯಾವ ಮಿಷನಲ್ಲಿ ಉಜ್ಜುತ್ತಾರೆ, ಮನೆಯಲ್ಲಿ ಎಂತ ಭಾಷೆ ಮಾತಾಡ್ತಾರೆ, ನಿನಗೆ ಗೊತ್ತುಂಟಾ?"

"ಇಲ್ಲ. ಲೆನ್ಸ್ ಸರಿ ಬಂದ್ರೆ ಆಯ್ತು."

"ಹಾಂ, ಅಷ್ಟೇ ಮಾರಾಯ್ತಿ. ದೂರದಲ್ಲಿರುವ ಒಂದು ಕಂಪ್ಯೂಟರಿಗೆ ಚೀಟಿ ಕಳಿಸಿ, ಈ ಕೆಲಸ ಮಾಡಿ ಉತ್ತರ ಕೊಡು ಅಂತ ಕೇಳುದು. ಚೀಟಿಯ ನಮೂನೆ ಇಬ್ಬರಿಗೂ ಒಂದೇ ಇದ್ರೆ ಸಾಕು. ರಿಮೋಟ್ ಪ್ರೊಸೀಜರ್ ಕಾಲ್ ಅಂತಾರೆ."

ಅವನು ಹೇಳಿದ್ದು ಅವಳಿಗೆ ಅರ್ಥವಾಗಿತ್ತು. ಆದರೆ ಆ ಚೀಟಿಗಳೆಲ್ಲ ತಮ್ಮ ಮನೆಯ ಚಿಕ್ಕ ಕೋಣೆಗೇ ಬಂದು, ಅಲ್ಲಿಂದಲೇ ಹೋಗುತ್ತಿದ್ದವೆಂದು ಹೊಳೆದಿರಲಿಲ್ಲ. ಅಷ್ಟೆಲ್ಲ ಕೇಳುವುದಕ್ಕೆ ಮುಂದೆ ಬೇಕಾದಷ್ಟು ದಿನಗಳಿವೆ ಎಂದುಕೊಂಡಿದ್ದಳು. ನಲವತ್ತೊಂದು ತುಂಬಿದ ಮನುಷ್ಯ ಒಂದು ಮಧ್ಯಾಹ್ನ ಫಳ್ನೀರಿನಲ್ಲಿ ಬೈಕಿನಿಂದ ಇಳಿದು, ತಲೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ. ಮತ್ತೆ ಏಳಲಿಲ್ಲ. ಮಿದುಳಿನಲ್ಲಿ ರಕ್ತಸ್ರಾವ ಎಂದರು.

ಫೋನಿನಲ್ಲಿದ್ದ ಹೆಸರುಗಳನ್ನು ಹುಡುಕಿ ಅವಳು ಕೃಷ್ಣಕಿಶೋರ್ ಎಂಬವರಿಗೆ ಕರೆ ಮಾಡಿದಳು. ವಾಮಂಜೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವರು. ಅಲ್ಲಿಯ ಲ್ಯಾಬಿನ ರಿಪೇರಿಗೆ ಶೈಲೇಶ ಹೋಗುತ್ತಿದ್ದುದರಿಂದ ಪರಿಚಯ. ಭಾನುವಾರ ಬೆಳಿಗ್ಗೆ ಅವರು ಬಂದರು. ಅರ್ಚಕರ ಮನೆತನದವರು, ಮಿತಭಾಷಿ. ಶೈಲೇಶನ ಕುರ್ಚಿಯಲ್ಲಿ ಕೂರಲು ಹಿಂಜರಿದು, ಅಡುಗೆಮನೆಯ ಸ್ಟೂಲು ತರಿಸಿಕೊಂಡು ಕೂತರು. ಪರದೆಯಲ್ಲಿ ಸಾಲು ಸಾಲಾಗಿ ಏನೋ ಇಳಿಯುತ್ತಿತ್ತು. ಪ್ರತಿ ಸಾಲಿನಲ್ಲೂ ಯಾವ ಗಂಟೆಗೆ, ಎಲ್ಲಿಂದ, ಏನು ಕೇಳಿದರು, ಏನು ಉತ್ತರ ಹೋಯಿತು ಎಂದಿತ್ತು. ನೋಡುತ್ತ ನೋಡುತ್ತ ಅವರ ತುಟಿ ಸಣ್ಣಗೆ ಅರಳಿತು.

"ಎಂತ ಸರ್?"

"ಇಲ್ಲಿ ನೋಡಿ. ಕೆಲಸಗಳಿಗೆಲ್ಲ ತುಳುವಿನಲ್ಲಿ ಹೆಸರಿಟ್ಟಿದ್ದಾನೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದು. 'ಏತುಂಡು'. 'ಓಲುಂಡು'. 'ಏರುಲ್ಲೆರ್'."

ಎಷ್ಟು ಉಂಟು, ಎಲ್ಲಿ ಉಂಟು, ಯಾರಿದ್ದಾರೆ. ಪ್ರತಿ ಸಾಲಿನ ಕೊನೆಯಲ್ಲಿ 'ಆಂಡ್' ಎಂದಿತ್ತು. ಆಯಿತು ಎಂದರ್ಥ. ಮನೆಯಲ್ಲಿ ಮೀನಿನ ಬುಟ್ಟಿ ಇಳಿಸಿದ ಅಮ್ಮನನ್ನು ಅವನು ಕೇಳುತ್ತಿದ್ದ ಮಾತುಗಳೇ. ದೀಕ್ಷಿತಾ ಸೆರಗಿನಿಂದ ಮುಖ ಒರೆಸಿಕೊಂಡಳು. ಲಕ್ಷ್ಮೀ ಬಾಗಿಲ ಬಳಿಯಿಂದ ಒಂದು ಹೆಜ್ಜೆ ಒಳಗೆ ಬಂದರು. "ಈಗ ಮಿಣುಕಿತಲ್ಲ, ಅದು ಎಂತ?" ಎಂದು ಕೇಳಿದರು.

"ಯಾರೋ ರಕ್ತ ಎಷ್ಟು ಉಂಟು ಅಂತ ಕೇಳಿದ್ರು ಅಮ್ಮಾ. ಇದು ಬ್ಲಡ್ ಬ್ಯಾಂಕಿಗೆ ಕೇಳಿ ಉತ್ತರ ಕೊಟ್ಟಿತು," ಎಂದರು ಕೃಷ್ಣಕಿಶೋರ್.

"ಪ್ರತಿ ಸಲ ಮಿಣುಕಿದಾಗಲೂ?"

"ಪ್ರತಿ ಸಲ."

ಲಕ್ಷ್ಮೀ ನೆಲದ ಮೇಲೆ ಗೋಡೆಗೊರಗಿ ಕೂತರು. ಅಂದಿನಿಂದ ಮಾರಾಟ ಮುಗಿಸಿ ಬಂದ ಮೇಲೆ ಅಲ್ಲಿ ಸ್ವಲ್ಪ ಹೊತ್ತು ಕೂರುವುದು ಅವರಿಗೆ ಅಭ್ಯಾಸವಾಯಿತು.

ಇದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದರು ಕೃಷ್ಣಕಿಶೋರ್. ಹಾರ್ಡ್ ಡಿಸ್ಕು ಹಳೆಯದು, ಇವತ್ತೋ ನಾಳೆಯೋ ಕೈಕೊಡಬಹುದು. ಪ್ರೋಗ್ರಾಮನ್ನು ಕಾಲೇಜಿನ ಸರ್ವರಿಗೆ ಹಾಕಲು ಅವರು ಪ್ರಾಂಶುಪಾಲರನ್ನು ಒಪ್ಪಿಸಬಲ್ಲರು. "ಆದ್ರೆ ಕೇಳುವವರೆಲ್ಲರ ಪ್ರೋಗ್ರಾಮಿನಲ್ಲೂ ಈ ಕೋಣೆಯ ವಿಳಾಸ ಬರೆದುಂಟು. ಅದನ್ನು ಅವರವರೇ ಬದಲಿಸಬೇಕು. ಒಬ್ಬೊಬ್ಬರ ಹತ್ತಿರ ಹೋಗಿ ಹೇಳಬೇಕು. ಯಾರೆಲ್ಲ ಅಂತ ಅವನು ಎಲ್ಲಿಯೂ ಬರೆದಿಟ್ಟ ಹಾಗೆ ಕಾಣುದಿಲ್ಲ."

"ನಾನು ಹೋಗ್ತೇನೆ," ಎಂದಳು ದೀಕ್ಷಿತಾ.

ಸಾಲುಗಳಿಂದ ಎಂಟು ಜಾಗಗಳನ್ನು ಅವರು ಹೆಕ್ಕಿದರು. ಏಳು ಯಾರದ್ದೆಂದು ತಿಳಿಯಿತು. ಐದು ಆಸ್ಪತ್ರೆ, ಒಂದು ಆಂಬ್ಯುಲೆನ್ಸಿನವರ ಕೂಟ, ಒಂದು ಕ್ಯಾನ್ಸರ್ ರೋಗಿಗಳಿಗೆ ತಂಗಲು ಕೊಡುವ ಮನೆ. ಕನ್ನಡಕದ ಅಂಗಡಿಯಲ್ಲಿ ಮಧ್ಯಾಹ್ನ ಊಟಕ್ಕೆ ಬಿಡುವ ಒಂದು ಗಂಟೆಯಲ್ಲಿ ಅವಳು ಒಂದೊಂದೇ ಕಡೆ ಹೋದಳು. ಕೈಯಲ್ಲಿ ಹೊಸ ವಿಳಾಸ ಬರೆದ ಚೀಟಿ. ಕೆಲವರಿಗೆ ಶೈಲೇಶನ ನೆನಪಿತ್ತು. ಕುರ್ಚಿ ಕೊಟ್ಟು ಕೂರಿಸಿ ನೀರು ತಂದುಕೊಟ್ಟರು. ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ತರುಣ ಮಾತ್ರ ಅವಳನ್ನು ಮೇಲಿನಿಂದ ಕೆಳಗೆ ನೋಡಿದ.

"ನೀವು ಇಂಜಿನಿಯರಾ?"

"ಅಲ್ಲ."

"ಮತ್ತೆ ಯಾವ ಕಂಪೆನಿ? ಇದು ಯಾವುದೋ ದೊಡ್ಡ ಡೇಟಾ ಸೆಂಟರಿಂದ ಬರುದು. ನೀವು ಬಂದು ಬದಲಿಸಿ ಅಂದ್ರೆ ಹಾಗೆ ಬದಲಿಸ್ಲಿಕ್ಕೆ ಆಗುದಿಲ್ಲ."

"ದೊಡ್ಡದು ಅಲ್ಲ," ಎಂದಳು ಅವಳು. "ಕುಲಶೇಖರದಲ್ಲಿ ನಮ್ಮ ಮನೆಯ ಮೇಜಿನ ಅಡಿಯಲ್ಲಿ ಉಂಟು. ಕರೆಂಟು ಹೋದ್ರೆ ನನ್ನ ಅತ್ತೆ ಯುಪಿಎಸ್ಸಿನ ಹತ್ತಿರ ಕೂತಿರ್ತಾರೆ. ನೀವು ಬಂದು ನೋಡ್ಬಹುದು."

ಅವನು ನಂಬಲಿಲ್ಲ. ಆದರೆ ಮರುದಿನ ಸಂಜೆ ನಿಜಕ್ಕೂ ಬಂದ. ಚಪ್ಪಲಿ ಹೊರಗೆ ಬಿಟ್ಟು ಕೋಣೆಯ ಬಾಗಿಲಲ್ಲಿ ನಿಂತ. ಲಕ್ಷ್ಮೀ ಅವನಿಗೆ ಚಹಾ ಕೊಟ್ಟರು. ಅವನು ಕುಡಿದು ಹೋಗಿ, ಆ ವಾರವೇ ವಿಳಾಸ ಬದಲಿಸಿದ.

ಹೀಗೆ ಒಂದೂವರೆ ತಿಂಗಳಲ್ಲಿ ಏಳೂ ಕಡೆಯವರು ಕಾಲೇಜಿನ ಸರ್ವರಿಗೆ ಹೋದರು. ಪರದೆಯ ಮೇಲೆ ಸಾಲುಗಳು ಕಡಿಮೆಯಾಗುತ್ತ ಬಂದು ಕೊನೆಗೆ ಒಂದೇ ಉಳಿಯಿತು. ಪ್ರತಿದಿನ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಯಾರೋ 'ಏರುಲ್ಲೆರ್' ಎಂದು ಕೇಳುತ್ತಿದ್ದರು. ರಕ್ತ ಕೊಡಲು ಒಪ್ಪಿದವರ ಹೆಸರು ಮತ್ತು ಫೋನ್ ನಂಬರುಗಳ ಪಟ್ಟಿ ಅವರಿಗೆ ಹೋಗುತ್ತಿತ್ತು. ಹತ್ತೂವರೆ, ಹನ್ನೊಂದರ ಹೊತ್ತಿಗೆ ಅಲ್ಲಿಂದಲೇ 'ಇಜ್ಜೆರ್' ಎಂದು ಎರಡೋ ಮೂರೋ ಹೆಸರು ವಾಪಸು ಬರುತ್ತಿದ್ದವು. ಇವರು ಇಲ್ಲ ಎಂದರ್ಥ. ಅಂಥವರ ಹೆಸರು ಪಟ್ಟಿಯಿಂದ ಬದಿಗೆ ಸರಿಯುತ್ತಿತ್ತು.

"ಯಾವುದೋ ಮನೆಯ ಇಂಟರ್ನೆಟ್ಟು. ನಂಬರ್ ದಿನಾ ಬದಲಾಗ್ತದೆ, ಹುಡುಕ್ಲಿಕ್ಕೆ ಆಗುದಿಲ್ಲ," ಎಂದರು ಕೃಷ್ಣಕಿಶೋರ್. "ಎರಡು ದಿನ ಉತ್ತರ ಕೊಡದೆ ಬಿಟ್ರೆ ಅವರೇ ಫೋನ್ ಮಾಡಿಯಾರು."

"ಬೇಡ ಸರ್. ಒಮ್ಮೆ ನಾನು ಉತ್ತರ ನಿಲ್ಲಿಸಿದ್ದು ಸಾಕು." ಅವಳು ಯೋಚಿಸಿದಳು. "ಆ ಪಟ್ಟಿಗೆ ನನ್ನ ಹೆಸರು ಸೇರಿಸಿ. ಬಿ ಪಾಸಿಟಿವ್. ಫೋನ್ ನಂಬರ್ ಹಾಕಿ, ವಿಚಾರಿಸ್ಲಿಕ್ಕೆ ಅವರೇ ಫೋನ್ ಮಾಡಿಯಾರು."

ಅವಳು ಅಲ್ಲಿಯವರೆಗೆ ರಕ್ತ ಕೊಟ್ಟವಳಲ್ಲ. ಸೂಜಿ ಕಂಡರೆ ಹೆದರಿಕೆ. ಶೈಲೇಶ ಮೂರು ತಿಂಗಳಿಗೊಮ್ಮೆ ಕೊಡುತ್ತಿದ್ದಾಗ ಅವಳು ಹೊರಗೆ ನಿಂತಿರುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ಅವಳ ಫೋನಿಗೆ ಗೊತ್ತಿಲ್ಲದ ನಂಬರೊಂದು ಬಂತು. ವಯಸ್ಸಾದ ಗಂಡಸಿನ ದನಿ, ಮಾತಿನಲ್ಲಿ ಕೊಂಕಣಿಯ ಎಳೆತ.

"ದೀಕ್ಷಿತಾ ಅಂದ್ರೆ ನೀವಾ? ನಾನು ವಾಮಂಜೂರಿಂದ ಫಿಲಿಪ್. ರಕ್ತ ಕೊಡುವವರ ಪಟ್ಟಿಯಲ್ಲಿ ನಿಮ್ಮ ಹೆಸರು ಹೊಸತಾಗಿ ಉಂಟು, ಅದಕ್ಕೆ ಕೇಳುವ ಅಂತ. ಹುಷಾರಿದ್ದೀರಾ? ಜ್ವರ ಗಿರ ಬಂದಿತ್ತಾ? ಊರಲ್ಲೇ ಇರ್ತೀರಾ?"

"ಇರ್ತೇನೆ," ಎಂದಳು ದೀಕ್ಷಿತಾ. "ನಾನು ಶೈಲೇಶನ ಹೆಂಡತಿ."

"ಹೌದಾ! ಅವನು ಎಲ್ಲಿ? ಬರುವ ವಾರ ಅವನ ಸರದಿ ಬರ್ತದೆ, ನೆನಪು ಮಾಡ್ಲಿಕ್ಕೆ ಉಂಟು."

ಅವಳು ಹೇಳಿದಳು. ಫಿಲಿಪ್ "ದೇವಾ" ಎಂದದ್ದು ಕೇಳಿಸಿತು. ಆಮೇಲೆ ಫೋನನ್ನು ಎಲ್ಲೋ ಇಟ್ಟು ಹೋದ ಹಾಗಾಯಿತು. ಅವಳು ಕಾದಳು. ತಿರುಗಿ ಬಂದು, "ನೀವು ಒಮ್ಮೆ ಬರ್ಬೇಕು," ಎಂದರು.

ಆ ಭಾನುವಾರ ಬೆಳಿಗ್ಗೆ ಅವಳು ಬಸ್ಸಿನಲ್ಲಿ ವಾಮಂಜೂರಿಗೆ ಹೋದಳು. ಒಂದು ಕಡೆ ಗದ್ದೆ, ಇನ್ನೊಂದು ಕಡೆ ಹೊಸ ಮನೆಗಳ ಕಂಪೌಂಡು, ನಡುವಿನ ಕಾಲುದಾರಿಯ ತುದಿಗೆ ಫಿಲಿಪರ ಹೆಂಚಿನ ಮನೆ. ಎಪ್ಪತ್ನಾಲ್ಕು ವರ್ಷದ ಮುದುಕ, ಹೆಂಚಿನ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಹೆಂಡತಿಗೆ ರಕ್ತದ ಕಾಯಿಲೆಯಾಗಿ ಮೂರು ವಾರಕ್ಕೊಮ್ಮೆ ರಕ್ತ ಬೇಕಾಗುತ್ತಿತ್ತು. ಕಂಪ್ಯೂಟರ್ ರಿಪೇರಿಗೆ ಬಂದ ಶೈಲೇಶ ಅವರು ಅಲೆದಾಡುವುದನ್ನು ನೋಡಿ, ಬೆಳಿಗ್ಗೆ ಎದ್ದ ಕೂಡಲೇ ಪಟ್ಟಿ ಸಿಗುವಂತೆ ಒಂದು ಪ್ರೋಗ್ರಾಮು ಹಾಕಿಕೊಟ್ಟಿದ್ದ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

"ಆಗ ನಾನು ಇದನ್ನು ತೆಗೆದುಬಿಡು ಅಂದೆ," ಎಂದರು ಫಿಲಿಪ್. "ಅವನು ಕೇಳ್ಲಿಲ್ಲ. ಅಂಕಲ್, ನೀವು ಫೋನ್ ಮಾಡಿ ವಿಚಾರಿಸ್ತೀರಿ ಅಂತ ಈ ಪಟ್ಟಿ ಸತ್ಯ ಉಂಟು. ನೀವು ಬಿಟ್ರೆ ಆರು ತಿಂಗಳಲ್ಲಿ ಸುಳ್ಳಾಗ್ತದೆ ಅಂದ. ಅವನು ಹೇಳಿದ್ದು ಸರಿ. ಒಬ್ಬ ದುಬೈಗೆ ಹೋಗಿರ್ತಾನೆ, ಒಬ್ಬನಿಗೆ ಕಾಮಾಲೆ ಆಗಿರ್ತದೆ. ಮಿಷನಿಗೆ ಎಂತ ಗೊತ್ತು? ದಿನಾ ಹತ್ತು ಜನಕ್ಕೆ ಫೋನ್ ಮಾಡ್ತೇನೆ."

ಆ ಪಟ್ಟಿ ಎಂದೂ ಹುಸಿ ಹೋಗುವುದಿಲ್ಲವೆಂದು ನಾಝಿಮಾ ಹೇಳಿದ್ದುಂಟು. ಅದಕ್ಕೆ ಕಾರಣ ಈ ಮನುಷ್ಯ ಎಂದು ನಾಝಿಮಾಳಿಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಫಿಲಿಪ್ ಕಂಪ್ಯೂಟರಿನ ಮುಂದೆ ಕೂತು ಪಟ್ಟಿಯನ್ನು ಮೆಲ್ಲಗೆ ಕೆಳಗೆ ಸರಿಸಿದರು. ಶೈಲೇಶ್, ಕುಲಶೇಖರ, ಓ ಪಾಸಿಟಿವ್. ಪಕ್ಕದಲ್ಲಿ 'ಇಜ್ಜೆರ್' ಎಂದು ಗುರುತು ಹಾಕುವ ಒಂದು ಖಾಲಿ ಚೌಕ.

"ನೀವು ಹೇಳಿದ ಮೇಲೂ ನನಗೆ ಕೈ ಬರ್ಲಿಲ್ಲ," ಎಂದರು. "ನಿಮ್ಮನ್ನು ಕೇಳದೆ ಮಾಡುದು ಸರಿಯಲ್ಲ ಅಂತ ಕಂಡಿತು. ಹಾಗೇ ಬಿಡ್ಬಹುದಿತ್ತು. ಆದ್ರೆ ನಾಳೆ ಯಾರಾದ್ರೂ ಅವಸರದಲ್ಲಿ ಈ ನಂಬರಿಗೆ ಫೋನ್ ಮಾಡಿ ಕಾಯ್ತಾರೆ."

ದೀಕ್ಷಿತಾ ಬಹಳ ಹೊತ್ತು ಆ ಹೆಸರನ್ನು ನೋಡುತ್ತ ನಿಂತಳು. ಮರಣಪತ್ರಕ್ಕೆ ಸಹಿ ಹಾಕುವಾಗಲೂ, ಬೂದಿಯನ್ನು ಕಡಲಿಗೆ ಬಿಡುವಾಗಲೂ ಸುತ್ತ ಜನರಿದ್ದರು. ಅವರು ಹೇಳಿದ ಹಾಗೆ ಮಾಡಿದ್ದಳು. ಇಲ್ಲಿ ಯಾರೂ ಅವಸರ ಮಾಡಲಿಲ್ಲ. ಫಿಲಿಪ್ ಎದ್ದು ಕುರ್ಚಿ ಬಿಟ್ಟುಕೊಟ್ಟು ಕಿಟಕಿಯ ಕಡೆ ತಿರುಗಿದರು. ಅವಳು ಕೂತು ಚೌಕದ ಮೇಲೆ ಒತ್ತಿದಳು. 'ಇಜ್ಜೆರ್' ಎಂಬ ಮಾತು ಕುಲಶೇಖರದ ಕೋಣೆಗೆ ಹೋಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ಆಂಡ್.

ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಹದಿಮೂರು ದಿನದಲ್ಲೂ ಅಷ್ಟು ಅತ್ತಿರಲಿಲ್ಲ. ಫಿಲಿಪ್ ಹೊರಗೆ ಹೋಗಿ ಜಗಲಿಯಲ್ಲಿ ಕೂತರು. ಅಳು ನಿಂತ ಮೇಲೆ ಒಂದು ಲೋಟ ನೀರು ತಂದಿಟ್ಟು, ಅವಳು ತಂದಿದ್ದ ಚೀಟಿಯನ್ನು ಕೇಳಿ ತೆಗೆದುಕೊಂಡರು. ಕೃಷ್ಣಕಿಶೋರ್ ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಇಬ್ಬರೂ ಸೇರಿ ಹೊಸ ವಿಳಾಸ ಹಾಕಿದರು.

ಮರುದಿನ ಆರೂ ಹತ್ತಕ್ಕೆ ಕುಲಶೇಖರದ ಪರದೆಯ ಮೇಲೆ ಏನೂ ಇಳಿಯಲಿಲ್ಲ. ಆ ದಿನವೂ, ಅದರ ಮರುದಿನವೂ ಇಲ್ಲ. ವಾರ ಕಳೆದ ಮೇಲೆ ದೀಕ್ಷಿತಾ ಅತ್ತೆಯನ್ನು ಕೇಳಿದಳು.

"ಇನ್ನು ಆರಿಸ್ಲಾ ಮಾಮಿ?"

"ಆ ಕಾಲೇಜಿನಲ್ಲಿ ಕರೆಂಟು ಹೋಗುದಿಲ್ವಾ?"

"ಹೋದ್ರೆ ಜನರೇಟರ್ ಉಂಟಂತೆ."

"ಹಾಗಾದ್ರೆ ಆರಿಸು," ಎಂದು ಲಕ್ಷ್ಮೀ ಬುಟ್ಟಿ ಎತ್ತಿಕೊಂಡು ಧಕ್ಕೆಗೆ ಹೊರಟರು.

ಅದೇ ತಿಂಗಳು ದೀಕ್ಷಿತಾ ಮೊದಲ ಸಲ ರಕ್ತ ಕೊಟ್ಟಳು. ಸೂಜಿ ಚುಚ್ಚುವಾಗ ನಾಝಿಮಾ ಆಚೆ ನೋಡಿ ಅಕ್ಕಾ ಎಂದಳು. ಅವಳು ಆಚೆ ನೋಡಿದಳು. ಫಿಲಿಪರಿಗೆ ಈಚೆಗೆ ಕಿವಿ ಮಂದವಾಗುತ್ತಿದೆ. ಒಂದೇ ಹೆಸರನ್ನು ಎರಡು ಸಲ ಕೇಳುತ್ತಾರೆ. ಹಾಗಾಗಿ ದಿನದ ಹತ್ತು ಹೆಸರುಗಳಲ್ಲಿ ಐದನ್ನು ಅವಳು ತೆಗೆದುಕೊಂಡಿದ್ದಾಳೆ. ಬೆಳಿಗ್ಗೆ ಅಂಗಡಿಗೆ ಹೊರಡುವ ಮೊದಲು ಚಹಾದ ಲೋಟ ಪಕ್ಕಕ್ಕಿಟ್ಟು ಫೋನು ಮಾಡುತ್ತಾಳೆ. ಕೆಲವರು ತುಳುವಿನಲ್ಲಿ ಮಾತಾಡುತ್ತಾರೆ, ಕೆಲವರು ಬ್ಯಾರಿಯಲ್ಲಿ. ಬ್ಯಾರಿ ಅವಳಿಗೆ ಅರೆಬರೆ ಬರುತ್ತದೆ. ಹುಷಾರಿದ್ದೀರಾ, ಊರಲ್ಲೇ ಇದ್ದೀರಾ ಎಂದು ಕೇಳಿ, ಇದ್ದೇನೆ ಎಂದವರ ಹೆಸರನ್ನು ಹಾಗೆಯೇ ಬಿಟ್ಟು ಮುಂದಿನ ನಂಬರನ್ನು ಒತ್ತುತ್ತಾಳೆ.